ಪಿ300 ತಡೆಯುವ ಅಣುವಿನ ಹುಡುಕಾಟ: ಕ್ಯಾನ್ಸರ್ ಎಪಿಜೆನೆಟಿಕ್ ಸ್ಕ್ರೀನಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಗೇರುಬೀಜದ ಸಿಪ್ಪೆ, ಪುನರ್ಪುಳಿಯ ಸಿಪ್ಪೆ, ಅರಿಶಿನದ ಕೊಂಬು. ಈ ಮೂರಕ್ಕೂ ಕ್ಯಾನ್ಸರ್ ಎಪಿಜೆನೆಟಿಕ್ಸ್‌ನ (ಡಿಎನ್‌ಎ ಅಕ್ಷರ ಬದಲಾಗದೆ ಜೀನ್‌ಗಳ ಕೆಲಸ ಏರಿಳಿಯುವುದರ ಅಧ್ಯಯನದ) ಚರಿತ್ರೆಯಲ್ಲಿ ಜಾಗವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಇವುಗಳ ಮೇಲೆ ಕೆಲಸ ಮಾಡಿತು. ಗೇರುಬೀಜದ ಸಿಪ್ಪೆಯ ಅನಾಕಾರ್ಡಿಕ್ ಆಮ್ಲ ಪಿ300 ಎಂಬ ಕಿಣ್ವವನ್ನು ತಡೆಯುತ್ತದೆ ಎಂದು 2003ರಲ್ಲಿ ಪ್ರಕಟಿಸಿತು. 2004ರಲ್ಲಿ ಪುನರ್ಪುಳಿಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಸೇರಿಕೊಂಡವು. ಅದಕ್ಕೂ ಮೊದಲು ಗೊತ್ತಿದ್ದ ಲೈಸ್-ಕೋಎ ಎಂಬ ತಡೆಯಣು ತಾನಾಗಿ ಜೀವಕೋಶದ ಒಳಗೆ ಹೋಗುತ್ತಿರಲಿಲ್ಲ. ಹಾಗಾಗಿ ಇವು ಆಗಿನ ಮಟ್ಟಿಗೆ ದೊಡ್ಡ ಸುದ್ದಿ.

ಆಮೇಲೆ 2010ರಲ್ಲಿ ಸಿ646 ಎಂಬ ಪಿ300 ತಡೆಯಣು ಬಂತು. 2017ರಲ್ಲಿ ಎ-485 ಬಂತು. ಅದೇ 2017ರಲ್ಲಿ ಇನ್ನೊಂದು ಅಧ್ಯಯನ ಎಲ್ಲರೂ ಬಳಸುತ್ತಿದ್ದ 23 ಅಸಿಟೈಲ್‌ಟ್ರಾನ್ಸ್‌ಫರೇಸ್ (ಪಿ300ನಂತೆ ಅಸಿಟೈಲ್ ಗುಂಪು ಅಂಟಿಸುವ ಕಿಣ್ವ) ತಡೆಯಣುಗಳನ್ನು ಒಟ್ಟಿಗೆ ಪರೀಕ್ಷೆಗೆ ಹಾಕಿತು. ಸಿಕ್ಕಸಿಕ್ಕ ಪ್ರೋಟೀನ್‌ಗೆಲ್ಲ ಅಂಟುವ ಅಣುಗಳನ್ನು ಹಿಡಿಯುವ ಅಲಾರ್ಮ್ ಎನ್‌ಎಂಆರ್ ಪರೀಕ್ಷೆಯಲ್ಲಿ ಅವುಗಳ ಪೈಕಿ 15 ಸಿಕ್ಕಿಬಿದ್ದವು. ಹೆಚ್ಚಿನವು ಒಂದೋ ಥಯಾಲ್ (ಗಂಧಕ-ಹೈಡ್ರೋಜನ್) ಗುಂಪುಗಳ ಜೊತೆ ಪ್ರತಿಕ್ರಿಯಿಸುವಂಥವು, ಇಲ್ಲವೇ ನೀರಿನಲ್ಲಿ ಮುದ್ದೆಕಟ್ಟುವಂಥವು.

ಹಾಗಾದರೆ ಇಂದು ನೀವು ಪಿ300ಗೆ ಹೊಸ ತಡೆಯಣು ಹುಡುಕಲು ಹೊರಟರೆ ಏನು ಮಾಡಬೇಕು? ಪಿಪೆಟ್ ಹಿಡಿದು ಅಭ್ಯಾಸವಿದೆ, ಕಿಣ್ವಗಳ ಪಾಠ ನೆನಪಿದೆ, ಆದರೆ ಸ್ಕ್ರೀನಿಂಗ್ (ಸಾವಿರಾರು ಅಣುಗಳನ್ನು ಪರೀಕ್ಷಿಸಿ ಸೋಸುವುದು) ಹೊಸದು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಮತ್ತು ಸಮಯದ ದೊಡ್ಡ ಪಾಲನ್ನು ಹಿಟ್ (ಸ್ಕ್ರೀನ್‌ನಲ್ಲಿ ತಡೆಯುವಂತೆ ಕಂಡ ಅಣು) ಹುಡುಕುವುದಕ್ಕಲ್ಲ, ಸುಳ್ಳು ಹಿಟ್ ಕಳಚುವುದಕ್ಕೆ ಎತ್ತಿಡಿ.

ಗುರಿ ಯಾವುದು, ಅದರ ಯಾವ ಭಾಗ

ನಮ್ಮ ಡಿಎನ್‌ಎ ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಪಿ300 ಮತ್ತು ಅದರ ಒಡಹುಟ್ಟು ಸಿಬಿಪಿ, ಹಿಸ್ಟೋನ್ ಎಚ್3ರ ಬಾಲದಲ್ಲಿ 18 ಮತ್ತು 27ನೇ ಲೈಸಿನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸುತ್ತವೆ. ಅಲ್ಲಿನ ಜೀನ್‌ಗಳು ಚುರುಕಾಗುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಆಂಡ್ರೋಜೆನ್ ರಿಸೆಪ್ಟರ್ (ಪುರುಷ ಹಾರ್ಮೋನ್ ಹಿಡಿಯುವ ಪ್ರೋಟೀನ್) ತನ್ನ ಕೆಲಸಕ್ಕೆ ಈ ಜೋಡಿಯನ್ನು ನೆಚ್ಚಿಕೊಂಡಿದೆ. ಎ-485 ಕೆಲಸ ಮಾಡಿದ್ದೂ ಮುಖ್ಯವಾಗಿ ಅಲ್ಲಿ ಮತ್ತು ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ.

ಪಿ300ನಲ್ಲಿ ಔಷಧ ಕೂರಬಲ್ಲ ಎರಡು ಜಾಗಗಳಿವೆ. ಒಂದು ಅಸಿಟೈಲ್ ಅಂಟಿಸುವ ಎಚ್‌ಎಟಿ ಭಾಗ. ಇನ್ನೊಂದು ಅಸಿಟೈಲ್ ಗುರುತನ್ನು ಹಿಡಿಯುವ ಬ್ರೋಮೋಡೊಮೇನ್. ಎರಡಕ್ಕೂ ಪರೀಕ್ಷೆ ಬೇರೆ, ಫಲಿತಾಂಶವೂ ಬೇರೆ. ಸುಮ್ನೆ 'ಪಿ300 ತಡೆ' ಎಂದು ಯೋಜನೆ ಬರೆದರೆ ಮುಂದೆ ತೊಂದರೆ. ಇಲ್ಲಿ ನಾವು ಎಚ್‌ಎಟಿ ಭಾಗವನ್ನು ಆರಿಸಿಕೊಳ್ಳೋಣ.

ಹಂತ 1: ಹೋಲಿಕೆಗೆ ಅಣುಗಳನ್ನು ತರಿಸಿಡಿ

ಲೈಬ್ರರಿ (ಪರೀಕ್ಷಿಸಬೇಕಾದ ಅಣುಗಳ ಸಂಗ್ರಹ) ಕೊಳ್ಳುವ ಮೊದಲೇ ಈ ಅಣುಗಳು ಫ್ರೀಜರ್‌ನಲ್ಲಿರಲಿ: ಎ-485, ಅದರ ಜೊತೆಗೆ ಬರುವ ನಿಷ್ಕ್ರಿಯ ಜೋಡಿ ಎ-486, ಸಿ646, ಕರ್ಕ್ಯುಮಿನ್, ಗಾರ್ಸಿನಾಲ್, ಅನಾಕಾರ್ಡಿಕ್ ಆಮ್ಲ.

ಮೊದಲ ಎರಡು ಯಾಕೆ ಎಂದು ಗೊತ್ತಾಗುತ್ತದೆ. ಉಳಿದ ನಾಲ್ಕು ಯಾಕೆ? ನೀವು ಕಟ್ಟುವ ಪ್ರತಿ ಶೋಧಕ ಪರೀಕ್ಷೆಯೂ ಈ ನಾಲ್ಕನ್ನು ಹೇಗೆ ಕಾಣುತ್ತದೆ ಎಂದು ನೋಡಲು. ಕರ್ಕ್ಯುಮಿನ್ ನಿಮ್ಮ ಜಾಲರಿಯಿಂದ ಒಳ್ಳೆಯ ಹಿಟ್ ಎಂದು ಪಾಸಾಗಿ ಬಂದರೆ, ಜಾಲರಿಯ ಕಣ್ಣು ದೊಡ್ಡದಾಗಿದೆ ಎಂದೇ ಅರ್ಥ. ಕರ್ಕ್ಯುಮಿನ್ ಹಳದಿ, ಸುಮಾರು 425 ನ್ಯಾನೋಮೀಟರ್ ಬೆಳಕನ್ನು ಹೀರುತ್ತದೆ, ಸ್ವತಃ ಹೊಳೆಯುತ್ತದೆ, ಪ್ರೋಟೀನ್‌ಗಳ ಜೊತೆ ಪ್ರತಿಕ್ರಿಯಿಸುತ್ತದೆ. ಅನಾಕಾರ್ಡಿಕ್ ಆಮ್ಲಕ್ಕೆ 15 ಕಾರ್ಬನ್‌ಗಳ ಉದ್ದ ಬಾಲ. ಹೆಚ್ಚುಕಡಿಮೆ ಸೋಪಿನ ಸ್ವಭಾವ. ಪರೀಕ್ಷೆಗಳನ್ನು ಪರೀಕ್ಷಿಸಲು ಇವುಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.

ಹಂತ 2: ಕಿಣ್ವ

ಕೊಂಡುಕೊಳ್ಳಬಹುದು, ಮಾಡಿಕೊಳ್ಳಲೂಬಹುದು. ಮಾಡುವುದಾದರೆ ಒಂದು ವಿಷಯ ನೆನಪಿರಲಿ. ಪಿ300 ತನಗೆ ತಾನೇ ಅಸಿಟೈಲ್ ಅಂಟಿಸಿಕೊಳ್ಳುತ್ತದೆ, ಅಂಟಿಸಿಕೊಂಡಷ್ಟೂ ಅದರ ವೇಗ ಏರುತ್ತದೆ. ಹೀಗಾಗಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಎಚ್‌ಎಟಿ ಭಾಗ ಒಂದೊಂದು ಬ್ಯಾಚ್‌ನಲ್ಲಿ ಒಂದೊಂದು ಥರ ಇರುತ್ತದೆ. ಅಸಿಟೈಲ್ ಕೀಳುವ ಸರ್ಟ್2 ಕಿಣ್ವವನ್ನೂ ಅದೇ ಕೋಶದಲ್ಲಿ ಜೊತೆಗೆ ಉತ್ಪಾದಿಸಿದರೆ ಹೆಚ್ಚು ಏಕರೂಪದ ಪ್ರೋಟೀನ್ ಸಿಗುತ್ತದೆ.

ಇಡೀ ಸ್ಕ್ರೀನ್‌ಗೆ ಸಾಕಾಗುವಷ್ಟನ್ನು ಒಂದೇ ಬ್ಯಾಚ್‌ನಲ್ಲಿ ಮಾಡಿ. ಚಿಕ್ಕ ಚಿಕ್ಕ ಪಾಲು ಮಾಡಿ, ಮೈನಸ್ 80 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಹಂತ 3: ಏನನ್ನು ಅಳೆಯುತ್ತೀರಿ?

ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಹಂತದಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ಪ್ರತಿಕ್ರಿಯೆ ಸರಳ. ಅಸಿಟೈಲ್-ಕೋಎ (ಅಸಿಟೈಲ್ ಗುಂಪನ್ನು ಹೊತ್ತು ತರುವ ಅಣು) ಮತ್ತು ಹಿಸ್ಟೋನ್ ಪೆಪ್ಟೈಡ್ (ಹಿಸ್ಟೋನ್‌ನ ಚಿಕ್ಕ ತುಂಡು) ಸೇರಿ, ಅಸಿಟೈಲ್ ಇರುವ ಪೆಪ್ಟೈಡ್ ಮತ್ತು ಖಾಲಿ ಕೋಎ ಆಗುತ್ತವೆ. ಖಾಲಿ ಕೋಎಯಲ್ಲಿ ಒಂದು ಥಯಾಲ್ ಗುಂಪು ತೆರೆದಿರುತ್ತದೆ. ಸಿಪಿಎಂ ಎಂಬ ಬಣ್ಣದ ಅಣು ಆ ಥಯಾಲ್‌ಗೆ ಅಂಟಿದ ಕೂಡಲೇ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಜಾಸ್ತಿ ಇದ್ದರೆ ಕಿಣ್ವ ಚೆನ್ನಾಗಿ ಕೆಲಸ ಮಾಡಿದೆ, ಕಡಿಮೆ ಇದ್ದರೆ ಅಣು ತಡೆದಿದೆ. ಅಗ್ಗ, ಬೇಗ, ಪ್ರತಿಕಾಯ ಬೇಡ. ಅದಕ್ಕೇ ಇದು ಜನಪ್ರಿಯ.

ತೊಂದರೆ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಕಿಣ್ವ ಆಕ್ಸಿಡೀಕರಣದಿಂದ ಕೆಡದಂತೆ ಅದರ ಬಫರ್‌ಗೆ ಡಿಟಿಟಿ ಹಾಕುತ್ತೇವೆ. ಡಿಟಿಟಿ ಕೂಡ ಥಯಾಲೇ. ಅದು ಇದ್ದರೆ ಸಿಪಿಎಂ ಅದಕ್ಕೇ ಅಂಟಿ ಪ್ಲೇಟ್‌ನ ಎಲ್ಲ ಬಾವಿಯೂ (ಪುಟ್ಟ ಗುಳಿಯೂ) ಹೊಳೆಯುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ಡಿಟಿಟಿ ಹಾಕುವಂತಿಲ್ಲ. ಡಿಟಿಟಿ ಇಲ್ಲದಿದ್ದಾಗ ಥಯಾಲ್-ದಾಹದ ಅಣುಗಳನ್ನು ತಡೆಯುವವರೇ ಇಲ್ಲ. ಅವು ಕಿಣ್ವದ ಸಿಸ್ಟೀನ್‌ಗೆ ಅಂಟುತ್ತವೆ, ಹುಟ್ಟಿದ ಕೋಎಯನ್ನೂ ನುಂಗುತ್ತವೆ. ಎರಡೂ ಕಡೆ ಹೊಳಪು ಇಳಿಯುತ್ತದೆ. ಪ್ಲೇಟ್ ರೀಡರ್ ಮಾತ್ರ 'ಅದ್ಭುತ ತಡೆ' ಎನ್ನುತ್ತದೆ.

ಬೇರೆ ದಾರಿಗಳೂ ಇವೆ. ಅಸಿಟೈಲ್ ಪೆಪ್ಟೈಡ್ ಗುರುತಿಸುವ ಪ್ರತಿಕಾಯದೊಂದಿಗೆ ಆಲ್ಫಾಲೀಸಾ ಅಥವಾ ಟಿಆರ್-ಫ್ರೆಟ್ (ಎರಡೂ ಬೆಳಕಿನಿಂದ ಅಳೆಯುವ ವಿಧಾನಗಳು) ಮಾಡಬಹುದು. ಡಿಟಿಟಿ ಇಲ್ಲಿ ನಡೆಯುತ್ತದೆ. ಆದರೆ ಆಲ್ಫಾ ವಿಧಾನ ಸಿಂಗ್ಲೆಟ್ ಆಮ್ಲಜನಕದ ಮೇಲೆ ನಿಂತಿದೆ, ಅದನ್ನು ಹೀರುವ ಅಣುಗಳು ಅಲ್ಲಿ ಸುಳ್ಳು ಹಿಟ್ ಆಗುತ್ತವೆ. ವಿಕಿರಣಶೀಲ ಅಸಿಟೈಲ್-ಕೋಎ ಬಳಸಿ ಪೆಪ್ಟೈಡನ್ನು ಫಿಲ್ಟರ್ ಕಾಗದದ ಮೇಲೆ ಹಿಡಿದು ಎಣಿಸುವುದು ಹಳೆಯ ವಿಧಾನ, ಈಗಲೂ ನಂಬಿಕಸ್ಥ. ಭಾರತದಲ್ಲಿ ಅದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅರ್ಜಿಯನ್ನು ಬೇಗ ಹಾಕಿ. ಇನ್ನು ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಪೆಪ್ಟೈಡ್‌ನ ತೂಕ 42 ಡಾಲ್ಟನ್ ಏರಿದೆಯೇ ಎಂದು ನೇರವಾಗಿ ನೋಡಬಹುದು. ಬಣ್ಣ, ಹೊಳಪು ಯಾವುದರ ಹಂಗೂ ಇಲ್ಲ.

ನನ್ನ ಸಲಹೆ: ಪ್ರತಿಕಾಯದ ವಿಧಾನದಿಂದ ಸ್ಕ್ರೀನ್ ಮಾಡಿ, ಮಾಸ್ ಸ್ಪೆಕ್ ಅಥವಾ ವಿಕಿರಣದ ವಿಧಾನದಿಂದ ದೃಢಪಡಿಸಿ. ಬಜೆಟ್ ಇಲ್ಲದೆ ಸಿಪಿಎಂ ಬಳಸಲೇಬೇಕಾದರೆ ಹಂತ 7ರ ಮೊದಲ ಪರೀಕ್ಷೆಯನ್ನು ಬಿಡಲೇಬೇಡಿ.

ಹಂತ 4: ಕಿಣ್ವದ ಲೆಕ್ಕ

ಕಿಣ್ವದ ಪ್ರಮಾಣವನ್ನೂ ಸಮಯವನ್ನೂ ಬದಲಿಸುತ್ತಾ ಉತ್ಪನ್ನ ನೇರ ಗೆರೆಯಲ್ಲಿ ಏರುವ ಅವಧಿ ಹುಡುಕಿ. ಮೂಲವಸ್ತುವಿನ ಶೇ. 10ಕ್ಕಿಂತ ಜಾಸ್ತಿ ಖರ್ಚಾಗುವ ಮೊದಲೇ ಪ್ರತಿಕ್ರಿಯೆ ನಿಲ್ಲಿಸಿದರೆ ಒಳ್ಳೆಯದು. ನಂತರ ಅಸಿಟೈಲ್-ಕೋಎ ಮತ್ತು ಪೆಪ್ಟೈಡ್ ಎರಡರ ಕೆಎಂ (ಕಿಣ್ವ ಗರಿಷ್ಠ ವೇಗದ ಅರ್ಧ ತಲುಪುವ ಪ್ರಮಾಣ) ಅಳೆಯಿರಿ. ನಿಮ್ಮ ಬಫರ್‌ನಲ್ಲಿ, ನಿಮ್ಮ ಕಿಣ್ವದಲ್ಲಿ. ಬೇರೆಯವರ ಪ್ರಬಂಧದ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಅಸಿಟೈಲ್-ಕೋಎಯನ್ನು ಕೆಎಂನಷ್ಟೇ ಇಟ್ಟರೆ, ಅದರ ಜಾಗಕ್ಕೆ ಪೈಪೋಟಿ ಮಾಡುವ ಅಣುವಿನ ಐಸಿ50 (ಕಿಣ್ವದ ವೇಗವನ್ನು ಅರ್ಧಕ್ಕಿಳಿಸುವ ಪ್ರಮಾಣ) ಅದರ ಕೆಐನ (ಕಿಣ್ವಕ್ಕೆ ಅಂಟುವ ಬಲದ ಅಳತೆಯ) ಎರಡರಷ್ಟು ಬರುತ್ತದೆ. ಹತ್ತು ಪಟ್ಟು ಕೆಎಂ ಇಟ್ಟರೆ ಹನ್ನೊಂದರಷ್ಟು. ಅಂದರೆ ಜಾಸ್ತಿ ಸುರಿದಷ್ಟೂ ದುರ್ಬಲ ಹಿಟ್‌ಗಳು ಕಣ್ಣಿಗೆ ಬೀಳುವುದೇ ಇಲ್ಲ. ಎ-485 ಪೈಪೋಟಿ ಮಾಡುವುದು ಅಸಿಟೈಲ್-ಕೋಎ ಜೊತೆಗೇ.

ಇನ್ನೊಂದು ಮಿತಿ: ಬಾವಿಯಲ್ಲಿ 20 ನ್ಯಾನೋಮೋಲಾರ್ ಕಿಣ್ವವಿದ್ದರೆ 10 ನ್ಯಾನೋಮೋಲಾರ್‌ಗಿಂತ ಕಡಿಮೆ ಐಸಿ50 ಕಾಣುವುದಿಲ್ಲ. ಒಳ್ಳೆಯ ಅಣುಗಳೆಲ್ಲ ಒಂದೇ ಸಂಖ್ಯೆಗೆ ಬಂದು ನಿಂತರೆ ಕಾರಣ ಇದೇ ಇರಬಹುದು.

ಪಿಎಚ್ 8 ದಾಟಿದರೆ ಅಸಿಟೈಲ್-ಕೋಎ ಕಿಣ್ವವಿಲ್ಲದೆಯೂ ಲೈಸಿನ್‌ಗೆ ಅಂಟುವುದು ಹೆಚ್ಚುತ್ತದೆ. ಕಿಣ್ವ ಹಾಕದ ಬಾವಿಗಳು ಪ್ರತಿ ಪ್ಲೇಟ್‌ನಲ್ಲೂ ಇರಲಿ.

ಹಂತ 5: ಡಿಎಂಎಸ್‌ಒ ಬಗ್ಗೆ ಎರಡು ಮಾತು

ಲೈಬ್ರರಿಯ ಅಣುಗಳೆಲ್ಲ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿರುತ್ತವೆ. ಶೇ. 0.1ರಿಂದ ಶೇ. 2ರವರೆಗೆ ಹಾಕಿ ಕಿಣ್ವ ಎಲ್ಲಿಯವರೆಗೆ ಸಹಿಸುತ್ತದೆ ನೋಡಿ. 10 ಮಿಲಿಮೋಲಾರ್ ದ್ರಾವಣದ 20 ನ್ಯಾನೋಲೀಟರನ್ನು 20 ಮೈಕ್ರೋಲೀಟರ್ ಪ್ರತಿಕ್ರಿಯೆಗೆ ಹಾಕಿದರೆ ಅಣು 10 ಮೈಕ್ರೋಮೋಲಾರ್ ಆಗುತ್ತದೆ, ಡಿಎಂಎಸ್‌ಒ ಶೇ. 0.1ರಲ್ಲೇ ನಿಲ್ಲುತ್ತದೆ. ಶಬ್ದದ ಅಲೆಯಿಂದ ಹನಿ ಹಾರಿಸುವ ಯಂತ್ರವಿದ್ದರೆ ಇದು ಸಲೀಸು.

ಡಿಎಂಎಸ್‌ಒ ನಿರುಪದ್ರವಿ ಎಂದು ಮಾತ್ರ ತಿಳಿಯಬೇಡಿ. ಅದು ಬ್ರೋಮೋಡೊಮೇನ್‌ಗಳ ಒಳಗೆ ಅಸಿಟೈಲ್-ಲೈಸಿನ್ ಕೂರುವ ಜಾಗದಲ್ಲೇ, ದುರ್ಬಲವಾಗಿಯಾದರೂ, ಕೂರುತ್ತದೆ. 1971ರಲ್ಲಿ ಷಾರ್ಲೆಟ್ ಫ್ರೆಂಡ್ ಅವರ ತಂಡ ಇಲಿಯ ರಕ್ತದ ಕ್ಯಾನ್ಸರ್ ಕೋಶಗಳಿಗೆ ಡಿಎಂಎಸ್‌ಒ ಹಾಕಿದಾಗ ಅವು ಹಿಮೋಗ್ಲೋಬಿನ್ ಮಾಡಲು ಶುರುಮಾಡಿದವು. ಆ ಎಳೆ ಹಿಡಿದು ರೊನಾಲ್ಡ್ ಬ್ರೆಸ್ಲೋ ಮತ್ತು ಪಾಲ್ ಮಾರ್ಕ್ಸ್ ವರ್ಷಗಟ್ಟಲೆ ದುಡಿದರು. ಕೊನೆಗೆ ವೊರಿನೊಸ್ಟಾಟ್ ಸಿಕ್ಕಿತು. 2006ರಲ್ಲಿ ಅಮೆರಿಕದಲ್ಲಿ ಚರ್ಮದ ಟಿ-ಕೋಶ ಲಿಂಫೋಮಾಕ್ಕೆ ಅನುಮತಿಯೂ ಸಿಕ್ಕಿತು. ಹಿಸ್ಟೋನ್‌ನ ಅಸಿಟೈಲ್ ಕೀಳುವ ಕಿಣ್ವಗಳನ್ನು ತಡೆಯುವ ಔಷಧಗಳಲ್ಲಿ ಮಂಜೂರಾದ ಮೊದಲನೆಯದು ಅದು. ದ್ರಾವಕವೇ ಔಷಧಕ್ಕೆ ದಾರಿ ತೋರಿಸಿತು, ತಮಾಷೆ ಅಲ್ವಾ?

ಹಂತ 6: ಪ್ಲೇಟ್, ಜೆಡ್-ಪ್ರೈಮ್, ಮೊದಲ ಸುತ್ತು

384 ಬಾವಿಯ ಪ್ಲೇಟ್‌ನಲ್ಲಿ 16 ಸಾಲು, 24 ಕಂಬ. 1, 2, 23, 24ನೇ ಕಂಬಗಳನ್ನು ಹೋಲಿಕೆಗೆ ಬಿಡಿ. ಅಣುಗಳಿಗೆ 320 ಬಾವಿ ಉಳಿಯುತ್ತದೆ. ಅಂದರೆ 10,000 ಅಣುಗಳಿಗೆ 32 ಪ್ಲೇಟ್.

ಪ್ರತಿ ಪ್ಲೇಟ್‌ಗೂ ಜೆಡ್-ಪ್ರೈಮ್ ಲೆಕ್ಕ ಹಾಕಿ. 1999ರಿಂದ ಎಲ್ಲರೂ ಬಳಸುವ ಅಳತೆಗೋಲು ಇದು. ಪೂರ್ತಿ ಕೆಲಸ ಮಾಡಿದ ಬಾವಿಗಳ ಮತ್ತು ಪೂರ್ತಿ ತಡೆದ ಬಾವಿಗಳ ವಿಚಲನೆಗಳನ್ನು ಕೂಡಿಸಿ, ಮೂರರಿಂದ ಗುಣಿಸಿ. ಅದನ್ನು ಎರಡರ ಸರಾಸರಿಗಳ ಅಂತರದಿಂದ ಭಾಗಿಸಿ. ಬಂದದ್ದನ್ನು ಒಂದರಿಂದ ಕಳೆಯಿರಿ. ಉದಾಹರಣೆಗೆ ಗರಿಷ್ಠ ಸರಾಸರಿ 10,000, ವಿಚಲನೆ 500. ಕನಿಷ್ಠ ಸರಾಸರಿ 1,000, ವಿಚಲನೆ 200 ಎಂದುಕೊಳ್ಳಿ. 2,100ನ್ನು 9,000ದಿಂದ ಭಾಗಿಸಿದರೆ 0.23. ಜೆಡ್-ಪ್ರೈಮ್ 0.77. 0.5ರ ಮೇಲಿದ್ದರೆ ಮುಂದುವರಿಯಿರಿ. ಕೆಳಗಿಳಿದ ಪ್ಲೇಟನ್ನು ಮತ್ತೆ ಮಾಡಿ.

ಜೆಡ್-ಪ್ರೈಮ್ ಚೆನ್ನಾಗಿದ್ದರೂ ಅಂಚಿನ ಬಾವಿಗಳು ಬೇಗ ಒಣಗಿ ಮೋಸ ಮಾಡಬಹುದು. ಪ್ಲೇಟನ್ನು ಬಣ್ಣದ ನಕ್ಷೆಯಾಗಿ ಕಣ್ಣಲ್ಲೇ ನೋಡಿ. ಪಟ್ಟೆಗಳು ಕಂಡರೆ ಅದು ಪಿಪೆಟ್‌ನ ಸಹಿ, ಜೀವಶಾಸ್ತ್ರ ಅಲ್ಲ.

ದೊಡ್ಡ ಲೈಬ್ರರಿಗೆ ಹೋಗುವ ಮೊದಲು ಗೊತ್ತಿರುವ ಔಷಧಗಳ ಚಿಕ್ಕ ಸಂಗ್ರಹವನ್ನು ಬೇರೆ ಬೇರೆ ದಿನ ಓಡಿಸಿ, ಫಲಿತಾಂಶಗಳು ಹೊಂದುತ್ತವೆಯೇ ನೋಡಿ. ನಂತರ ಎಲ್ಲವನ್ನೂ 10 ಮೈಕ್ರೋಮೋಲಾರ್‌ನಲ್ಲಿ ಓಡಿಸಿ. ಅಣುವನ್ನು ಕಿಣ್ವದ ಜೊತೆ 15 ನಿಮಿಷ ಬಿಟ್ಟು, ಆಮೇಲೆ ಅಸಿಟೈಲ್-ಕೋಎ ಹಾಕಿ ಶುರು ಮಾಡಿ. ಬಫರ್‌ನಲ್ಲಿ ಶೇ. 0.01 ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕ ಮೊದಲಿಂದಲೂ ಇರಲಿ.

ಹಂತ 7: ಕಳಚುವ ಕೆಲಸ

ಒಂದು ಲೆಕ್ಕ ಊಹಿಸಿ. 10,000 ಅಣುಗಳಲ್ಲಿ ಸಾವಿರಕ್ಕೊಂದು ನಿಜವಾದ ತಡೆ ಎಂದುಕೊಂಡರೆ 10 ಸಿಗುತ್ತವೆ. ಪರೀಕ್ಷೆ ನೂರಕ್ಕೊಂದು ತಪ್ಪಿದರೂ 100 ಸುಳ್ಳು ಹಿಟ್. ಪಟ್ಟಿಯಲ್ಲಿ 110 ಹೆಸರು, ಹತ್ತು ಮಾತ್ರ ಅಸಲಿ. ಈ ಹತ್ತು ಯಾವುವು ಎಂಬುದೇ ನಿಮ್ಮ ನಿಜವಾದ ಯೋಜನೆ. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದ್ದು ಆಮೇಲೆ.

ಮೊದಲು, ಕಿಣ್ವವನ್ನೇ ಬಿಟ್ಟುಬಿಡಿ. ಸಿಪಿಎಂ ಬಳಸಿದ್ದರೆ ಬಾವಿಗೆ ನೇರವಾಗಿ ಖಾಲಿ ಕೋಎ, ಹಿಟ್ ಅಣು, ಸಿಪಿಎಂ ಹಾಕಿ. ಪ್ರತಿಕಾಯದ ವಿಧಾನವಾದರೆ ಮೊದಲೇ ಅಸಿಟೈಲ್ ಆಗಿರುವ ಪೆಪ್ಟೈಡ್ ಹಾಕಿ. ತಡೆಯಲು ಕಿಣ್ವವೇ ಇಲ್ಲ. ಆದರೂ ಸಂಕೇತ ಇಳಿದರೆ ಅಣು ಆಟ ಆಡುತ್ತಿರುವುದು ಪತ್ತೆಯ ವಿಧಾನದ ಜೊತೆ. ಪಟ್ಟಿಯಿಂದ ತೆಗೆಯಿರಿ.

ಆಮೇಲೆ ಥಯಾಲ್. ಅಣುವನ್ನು ಥಯಾಲ್ ಇರುವ ಗ್ಲುಟಾಥಯೋನ್ ಜೊತೆ ಇಟ್ಟು ಮಾಸ್ ಸ್ಪೆಕ್‌ನಲ್ಲಿ ಜೋಡಿ ತೂಕ ಕಾಣುತ್ತದೆಯೇ ನೋಡಿ. ಡಿಟಿಟಿ ಹಾಕಿದಾಗ ತಡೆ ಮಾಯವಾದರೂ ಅದೇ ಅರ್ಥ. ಉಲ್ಟಾ ಜಾತಿಯೂ ಇದೆ: ಕ್ವಿನೋನ್‌ಗಳಂಥವು ಡಿಟಿಟಿ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಕಿಣ್ವವನ್ನು ಕೆಡಿಸುತ್ತವೆ. ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಹಾಕಿದಾಗ ತಡೆ ಹೋದರೆ ಅದು ಈ ಜಾತಿ.

ಮುದ್ದೆಕಟ್ಟುವ ಅಣುಗಳು ಕಿಣ್ವವನ್ನು ತಮ್ಮ ಮೈಗೆ ಅಂಟಿಸಿಕೊಂಡು ಸುಮ್ಮನಾಗಿಸುತ್ತವೆ. ಜಿಡ್ಡಿನ ಪಾತ್ರೆ ಸೋಪಿಗೆ ಬಿಡುವಂತೆ ಈ ತಡೆ ಟ್ರೈಟಾನ್ ಹೆಚ್ಚಿಸಿದಾಗ ಬಿಟ್ಟುಹೋಗುತ್ತದೆ. ಐಸಿ50 ರೇಖೆ ವಿಪರೀತ ಕಡಿದಾಗಿದ್ದರೂ ಅನುಮಾನಪಡಿ.

ಇಷ್ಟರಲ್ಲಿ ಪಟ್ಟಿ ಚಿಕ್ಕದಾಗಿರುತ್ತದೆ. ಉಳಿದವುಗಳಿಗೆ ಬಿಡುಗಡೆ ಪರೀಕ್ಷೆ ಮಾಡಿ. ಕಿಣ್ವವನ್ನು ಐಸಿ50ರ ಹತ್ತು ಪಟ್ಟು ಅಣುವಿನ ಜೊತೆ ಇಡಿ, ಆಮೇಲೆ ನೂರು ಪಟ್ಟು ತೆಳುಮಾಡಿ. ಅಣು ಬಿಟ್ಟುಹೋಗುವಂಥದ್ದಾದರೆ ಕಿಣ್ವದ ಶೇ. 91ರಷ್ಟು ವೇಗ ವಾಪಸ್ ಬರುತ್ತದೆ. ಕಚ್ಚಿಕೊಂಡು ಕೂತರೆ ಶೇ. 9ರ ಆಸುಪಾಸು. ಕಚ್ಚಿಕೊಳ್ಳುವುದೇ ತಪ್ಪಲ್ಲ, ಆದರೆ ಎಲ್ಲಿ ಕಚ್ಚಿದೆ ಎಂದು ತೋರಿಸುವ ಹೊಣೆ ನಿಮ್ಮದು.

ಹೊಸ ಪುಡಿಯನ್ನು ತರಿಸುವುದನ್ನು ತುಂಬಾ ಜನ ಮುಂದೂಡುತ್ತಾರೆ. ಮುಂದೂಡಬೇಡಿ. ಲೈಬ್ರರಿಯ ಹಳೆಯ ದ್ರಾವಣದಲ್ಲಿ ಅಣು ಒಡೆದಿರಬಹುದು, ಕಲಬೆರಕೆಯೇ ತಡೆಗೆ ಕಾರಣವಾಗಿರಬಹುದು. ಹೊಸ ಪುಡಿ, ಎಲ್‌ಸಿ-ಎಂಎಸ್‌ನಲ್ಲಿ (ಬೇರ್ಪಡಿಸಿ ತೂಕ ನೋಡುವ ಯಂತ್ರದಲ್ಲಿ) ಶುದ್ಧತೆ, ಮತ್ತೆ ಐಸಿ50.

ಪೇನ್ಸ್ ಎಂಬ ಸೋಸು ಪಟ್ಟಿಯ ಬಗ್ಗೆ ಕೇಳಿರುತ್ತೀರಿ. 2010ರಲ್ಲಿ ಬೇಲ್ ಮತ್ತು ಹಾಲೋವೇ ಕೊಟ್ಟ 480 ರಚನೆಗಳು. ಅವು ಹುಟ್ಟಿದ್ದು ಆಲ್ಫಾಸ್ಕ್ರೀನ್ ಪರೀಕ್ಷೆಗಳ ಅನುಭವದಿಂದ. ಕಂಪ್ಯೂಟರ್ ಕೆಂಪು ಗುರುತು ಹಾಕಿದ ಕೂಡಲೇ ಎಸೆಯಬೇಕಿಲ್ಲ, ಹಾಕದಿದ್ದರೆ ಪಾಸೂ ಅಲ್ಲ. ಪ್ರಯೋಗದ ಮಾತೇ ಕೊನೆ.

ಕೊನೆಗೆ ಬಂಧವನ್ನು ನೇರವಾಗಿ ತೋರಿಸಿ. ಎಸ್‌ಪಿಆರ್ (ಅಣು ಪ್ರೋಟೀನ್‌ಗೆ ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ) ಆಗಬಹುದು, ಪ್ರೋಟೀನ್ ಕರಗುವ ಉಷ್ಣತೆ ಏರಿತೇ ಎಂಬ ಪರೀಕ್ಷೆಯೂ ಆಗಬಹುದು. ಅಸಿಟೈಲ್-ಕೋಎಯನ್ನು ಕೆಎಂನಿಂದ ಹತ್ತು ಪಟ್ಟಿಗೆ ಏರಿಸಿದಾಗ ಐಸಿ50 ಸುಮಾರು ಐದೂವರೆ ಪಟ್ಟು ಸರಿದರೆ ಪೈಪೋಟಿ ಖಚಿತ. ಸಿಬಿಪಿ, ಪಿಕ್ಯಾಫ್, ಜಿಸಿಎನ್5, ಟಿಪ್60 ಎಂಬ ಇತರ ಅಸಿಟೈಲ್ ಅಂಟಿಸುವ ಕಿಣ್ವಗಳ ಮೇಲೂ ಓಡಿಸಿ. ಸಿಬಿಪಿಯನ್ನು ತಡೆಯುವುದು ಸಹಜ, ಎರಡೂ ತೀರಾ ಹತ್ತಿರದವು. ಉಳಿದವನ್ನೂ ತಡೆದರೆ ಕೆಳಗಿಡಿ.

ಹಂತ 8: ಜೀವಕೋಶದಲ್ಲಿ ಗುರುತು ಇಳಿಯಿತೇ?

ಪಿ300 ನಮಗೆ ಇಲ್ಲೊಂದು ಉಪಕಾರ ಮಾಡಿದೆ. 18 ಮತ್ತು 27ನೇ ಲೈಸಿನ್‌ಗಳ ಅಸಿಟೈಲ್ ಪಿ300 ಮತ್ತು ಸಿಬಿಪಿಯ ಕೆಲಸ. 9ನೇ ಲೈಸಿನ್‌ನದ್ದು ಜಿಸಿಎನ್5 ಮತ್ತು ಪಿಕ್ಯಾಫ್‌ನ ಕೆಲಸ. ನಿಮ್ಮ ಅಣು 18, 27 ಎರಡನ್ನೂ ಇಳಿಸಿ 9ನ್ನು ಹಾಗೇ ಬಿಟ್ಟರೆ ಅದು ಸರಿಯಾದ ಗುರಿಗೆ ತಾಗಿದೆ. ಮೂರೂ ಒಟ್ಟಿಗೆ ಇಳಿದರೆ ಕೋಶ ಸಾಯುತ್ತಿರಬಹುದು, ಅಥವಾ ಅಣು ಎಲ್ಲದಕ್ಕೂ ಕೈಹಾಕುತ್ತಿದೆ. ಅಸಿಟೈಲ್ ಗುರುತು ಬೇಗ ಬದಲಾಗುತ್ತದೆ, ಕೆಲವೇ ಗಂಟೆಗಳ ಚಿಕಿತ್ಸೆ ಸಾಕು. ಅದೇ ಹೊತ್ತಿಗೆ ಎಷ್ಟು ಕೋಶಗಳು ಬದುಕಿವೆ ಎಂದೂ ಎಣಿಸಿ.

ಕೋಶ ಒಡೆಯುವ ದ್ರಾವಣಕ್ಕೆ ಸೋಡಿಯಂ ಬ್ಯುಟಿರೇಟ್ ಹಾಕಿ, ಇಲ್ಲವಾದರೆ ಒಳಗಿನ ಕಿಣ್ವಗಳು ಅಸಿಟೈಲನ್ನು ಕಿತ್ತುಬಿಡುತ್ತವೆ. 9 ಮತ್ತು 27ನೇ ಲೈಸಿನ್‌ಗಳ ಅಕ್ಕಪಕ್ಕ ಒಂದೇ ಅಕ್ಷರಸಾಲು ಇದೆ: ಅಲನಿನ್, ಅರ್ಜಿನಿನ್, ಲೈಸಿನ್, ಸೆರಿನ್. ಹಾಗಾಗಿ ಒಂದಕ್ಕೆಂದು ಕೊಂಡ ಪ್ರತಿಕಾಯ ಇನ್ನೊಂದನ್ನೂ ಹಿಡಿಯಬಹುದು. ಪೆಪ್ಟೈಡ್‌ಗಳ ಮೇಲೆ ಪರೀಕ್ಷಿಸಿಯೇ ಬಳಸಿ. ಒಟ್ಟು ಎಚ್3 ಜೊತೆ ಹೋಲಿಸುವುದನ್ನು ಮರೆಯಬೇಡಿ.

ಹಂತ 9: ಬೆಳವಣಿಗೆ ನಿಲ್ಲುತ್ತದೆಯೇ, ಎಷ್ಟು ದಿನಕ್ಕೆ

ಆಂಡ್ರೋಜೆನ್ ರಿಸೆಪ್ಟರ್ ಇರುವ ಎಲ್‌ಎನ್‌ಕ್ಯಾಪ್, ಅದಿಲ್ಲದ ಪಿಸಿ-3: ಎರಡೂ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು. ಈ ಜೋಡಿಯಿಂದ ಶುರುಮಾಡಿ. ಗುರುತು ಎರಡರಲ್ಲೂ ಇಳಿಯಬೇಕು, ಬೆಳವಣಿಗೆಯ ಪೆಟ್ಟು ಮೊದಲನೆಯದಕ್ಕೆ ಜೋರಾಗಿ ಬೀಳಬೇಕು. ಎರಡೂ ಒಂದೇ ಸಮನೆ ಸತ್ತರೆ ಅದು ಬರೀ ವಿಷ ಇರಬಹುದು. ಎ-486 ಜೊತೆಯಲ್ಲೇ ಓಡಲಿ.

72 ಗಂಟೆಯ ಪರೀಕ್ಷೆಗೆ ಅಂಟಿಕೊಳ್ಳಬೇಡಿ. ಈ ರೂಢಿ ಕೋಶಗಳನ್ನು ನೇರವಾಗಿ ಕೊಲ್ಲುವ ಔಷಧಗಳ ಕಾಲದ್ದು. ಮೀಥೈಲ್ ಗುರುತಿನ ಕಿಣ್ವವಾದರಂತೂ ಇದು ಪೂರ್ತಿ ದಾರಿ ತಪ್ಪಿಸುತ್ತದೆ. ಇಝಡ್‌ಎಚ್2 ಎಂಬ ಮೀಥೈಲ್ ಅಂಟಿಸುವ ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟಾಟ್ 2020ರಲ್ಲಿ ಅಮೆರಿಕದಲ್ಲಿ ಎಪಿಥೆಲಿಯಾಯ್ಡ್ ಸಾರ್ಕೋಮಾಕ್ಕೆ ಅನುಮತಿ ಪಡೆಯಿತು. ಆ ಜಾತಿಯ ಅಣುಗಳಲ್ಲಿ ಗುರುತು ಇಳಿಯಲು ದಿನಗಳು ಬೇಕು, ಕೋಶಗಳ ಬೆಳವಣಿಗೆ ನಿಲ್ಲಲು ಒಂದೆರಡು ವಾರ ಬೇಕು. ಮೂರನೇ ದಿನಕ್ಕೆ ಪ್ಲೇಟ್ ಓದಿದ್ದರೆ ಅವೆಲ್ಲ 'ಕೆಲಸ ಮಾಡದ ಅಣು' ಎಂದು ಕಸದ ಬುಟ್ಟಿ ಸೇರುತ್ತಿದ್ದವು. ಪಿ300ಗೆ ಐದರಿಂದ ಏಳು ದಿನ ಇಟ್ಟು, ಮಧ್ಯೆ ಮಾಧ್ಯಮ ಬದಲಿಸಿ.

ಚಿಪ್-ಸೀಕ್ (ಗುರುತು ಜೀನೋಮ್‌ನಲ್ಲಿ ಎಲ್ಲೆಲ್ಲಿದೆ ಎಂದು ನೋಡುವ ವಿಧಾನ) ಮಾಡುವುದಾದರೆ ಪ್ರತಿ ಮಾದರಿಗೂ ನಿಗದಿತ ಪ್ರಮಾಣದ ನೊಣದ ಕ್ರೊಮ್ಯಾಟಿನ್ (ಹಿಸ್ಟೋನ್‌ಗೆ ಸುತ್ತಿದ ಡಿಎನ್‌ಎ) ಬೆರೆಸಿ. ಗುರುತು ಇಡೀ ಜೀನೋಮ್‌ನಲ್ಲಿ ಒಟ್ಟಿಗೆ ಇಳಿದಾಗ ಸಾಮಾನ್ಯ ಲೆಕ್ಕಾಚಾರ ಆ ಇಳಿಕೆಯನ್ನೇ ಅಳಿಸಿಹಾಕುತ್ತದೆ.

ಹಂತ 10: ಸಂಬಂಧಿಗಳನ್ನು ತರಿಸಿ

ಉಳಿದ ಒಂದೆರಡು ಅಣುಗಳಿಗೆ ರಚನೆಯಲ್ಲಿ ಹತ್ತಿರವಾದ ಹತ್ತಿಪ್ಪತ್ತು ಅಣುಗಳನ್ನು ಕೊಳ್ಳಿ. ಸ್ವಲ್ಪ ಬದಲಿಸಿದಾಗ ಐಸಿ50 ಏರಿಳಿಯಬೇಕು. ಏನೇ ಬದಲಿಸಿದರೂ ಸಂಖ್ಯೆ ಅಲ್ಲೇ ಇದ್ದರೆ ಹಂತ 7ಕ್ಕೆ ವಾಪಸ್ ಹೋಗಿ. ಕಿಣ್ವದ ಮೇಲಿನ ಐಸಿ50 ಮತ್ತು ಕೋಶದಲ್ಲಿ 27ನೇ ಲೈಸಿನ್‌ನ ಗುರುತು ಇಳಿಸುವ ಶಕ್ತಿ, ಇವೆರಡನ್ನೂ ಒಂದೇ ನಕ್ಷೆಯಲ್ಲಿ ಇಡಿ. ಎರಡರ ಕ್ರಮಾಂಕ ಹೊಂದಿದರೆ, ಜೊತೆಗೆ ನಿಷ್ಕ್ರಿಯ ಸಂಬಂಧಿಯೊಂದು ಸಿಕ್ಕಿದರೆ, ಫೈಲನ್ನು ಔಷಧ ರಸಾಯನಶಾಸ್ತ್ರದವರ ಮೇಜಿಗೆ ಕಳಿಸಬಹುದು.